ಹಳೆಯ ಯೆಜ್ಡಿಗೆ ಎತ್ತುವ ಹಿಡಿ: ಸೆಂಟರ್ ಸ್ಟ್ಯಾಂಡಿನ ಲೆಕ್ಕ ಮತ್ತು ಜೋಡಣೆ

ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಉತ್ಪಾದನೆ ಆರಂಭಿಸಿದ, ಯೆಜ್ಡಿ ಬೈಕುಗಳನ್ನು ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿಂದ ಹೊರಬಂದ ಕೊನೆಯ ಗಾಡಿಗಳಿಗೂ ಈಗ ಮೂವತ್ತರ ಆಸುಪಾಸು ವಯಸ್ಸು. ಮಂಡ್ಯದ ಕಡೆ ಇಂಥ ಗಾಡಿಯಲ್ಲಿ ಇಂದಿಗೂ ಡೇರಿಗೆ ಹಾಲಿನ ಕ್ಯಾನ್ ಒಯ್ಯುವವರಿದ್ದಾರೆ, ನನ್ನ ಸೋದರಮಾವನೂ ಅವರಲ್ಲೊಬ್ಬರು. ನಾಲೆಯ ಬದಿಯ ಮೆತ್ತನೆಯ ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ಹೂತುಹೋಗುವುದರಿಂದ, ಹುಲ್ಲಿನ ಹೊರೆಯನ್ನೋ ಕ್ಯಾನನ್ನೋ ಕಟ್ಟುವಾಗ ಸೆಂಟರ್ ಸ್ಟ್ಯಾಂಡ್ ಹಾಕುವುದು ಅನಿವಾರ್ಯ. ಮಾವನ ಸೊಂಟ ನೋಯಲು ಆರಂಭಿಸಿದ ಮೇಲೆ ಸ್ಟ್ಯಾಂಡ್ ಹಾಕುವಾಗ ಕೈಯಲ್ಲಿ ಹಿಡಿದು ಎತ್ತಲು ಅವರ ಗಾಡಿಗೆ ಒಂದು ಹಿಡಿ ಕೂಡಿಸಿಕೊಟ್ಟೆ. ಆಗ ಕಲಿತದ್ದನ್ನು ಮೆಕ್ಯಾನಿಕ್ ಕೆಲಸ ಕಲಿಯುತ್ತಿರುವ ಗೆಳೆಯರಿಗಾಗಿ ಇಲ್ಲಿ ವಿವರಿಸಿದ್ದೇನೆ.

ಮೊದಲು ಭಾರದ ಲೆಕ್ಕವನ್ನು ನೋಡೋಣ. ಗಾಡಿಯ ತೂಕ 140 ಕೆ.ಜಿ. ಎಂದೂ, ಸ್ಟ್ಯಾಂಡ್ ಏರುವಾಗ ಅದರ ಗುರುತ್ವ ಕೇಂದ್ರ 3 ಸೆಂ.ಮೀ. ಮೇಲೇರುತ್ತದೆ ಎಂದೂ ಇಟ್ಟುಕೊಂಡರೆ, ಬೇಕಾಗುವ ಶಕ್ತಿ 140 × 9.8 × 0.03, ಅಂದರೆ ಸುಮಾರು 41 ಜೂಲ್. 20 ಲೀಟರ್ ನೀರನ್ನು ಒಂದು ಗೇಣಿನಷ್ಟು ಎತ್ತಲು ಬೇಕಾಗುವುದೂ ಹೆಚ್ಚುಕಡಿಮೆ ಇಷ್ಟೇ. ಕೆಲಸ ಇಷ್ಟು ಚಿಕ್ಕದಾಗಿದ್ದರೂ ಕಷ್ಟವೆನಿಸುವುದೇಕೆಂದರೆ, ಅತಿ ಹೆಚ್ಚಿನ ಬಲ ಮೊದಲ ಕ್ಷಣದಲ್ಲೇ ಬೇಕಾಗುತ್ತದೆ. ಸ್ಟ್ಯಾಂಡಿನ ಕಾಲು ಲಂಬರೇಖೆಯಿಂದ ಎಷ್ಟು ವಾಲಿದೆಯೋ ಆ ಕೋನದ ಸೈನ್ ಬೆಲೆಗೆ ತಕ್ಕಂತೆ ಪ್ರತಿರೋಧವಿರುತ್ತದೆ: 40 ಡಿಗ್ರಿಯಲ್ಲಿ ಅದು 0.64, 20 ಡಿಗ್ರಿಗೆ ಬರುವಷ್ಟರಲ್ಲಿ 0.34. ಕಾಲು ನೆಟ್ಟಗಾದಂತೆ ಗಾಡಿ ತಾನಾಗಿ ಹಗುರವಾಗುತ್ತದೆ.

ಈ ಕಾರಣದಿಂದಲೇ, ಹಿಡಿ ಕೂಡಿಸುವ ಮುನ್ನ ಹಿಂದಿನ ಟೈರಿನ ಗಾಳಿಯನ್ನೂ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗನ್ನೂ ನೋಡಬೇಕು. ಗಾಳಿ ಇಳಿದು ಸ್ಪ್ರಿಂಗ್ ಕುಸಿದ ಗಾಡಿಯ ಚಾಸಿಸ್ ನೆಲಕ್ಕೆ ಹತ್ತಿರವಾಗಿರುತ್ತದೆ, ಸ್ಟ್ಯಾಂಡಿನ ಕಾಲು ಹೆಚ್ಚು ವಾಲಿದ ಸ್ಥಿತಿಯಲ್ಲೇ ನೆಲ ಮುಟ್ಟುತ್ತದೆ, ಆರಂಭದ ಬಲ ಏರುತ್ತದೆ. ಸ್ಟ್ಯಾಂಡಿನ ಬುಷ್ (ಕೀಲಿನ ಒಳಗಿನ ಕೊಳವೆ) ಸವೆದು ಕಾಲುಗಳು ಅಲುಗಾಡುತ್ತಿದ್ದರೆ ಅದನ್ನೂ ಮೊದಲೇ ಸರಿಪಡಿಸಬೇಕು. ಹಿಂದಿನ ಚಕ್ರದ ಕೆಳಗೆ ಎರಡು ಸೆಂ.ಮೀ. ದಪ್ಪದ ಹಲಗೆ ಇಟ್ಟು ಸ್ಟ್ಯಾಂಡ್ ಹಾಕಿ ನೋಡಿದರೆ ಈ ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಹಿಡಿಯ ಜಾಗ

ಗಾಡಿಯನ್ನು ನಿಜವಾಗಿ ಎತ್ತುವುದು ಕೈಯಲ್ಲ, ಸ್ಟ್ಯಾಂಡಿನ ಮೆಟ್ಟನ್ನು ಒತ್ತುವ ಬಲಗಾಲು. ಎಡಗೈ ಹ್ಯಾಂಡಲನ್ನು ಹಿಡಿದು ಗಾಡಿಯನ್ನು ನೆಟ್ಟಗೆ ನಿಲ್ಲಿಸುತ್ತದೆ. ಬಲಗೈ ಮೊದಲು ಮೇಲಕ್ಕೂ ಅನಂತರ ತುಸು ಹಿಂದಕ್ಕೂ ಸೆಳೆಯುತ್ತದೆ. ಆದ್ದರಿಂದ ಗಾಡಿಯ ಎಡಬದಿಯಲ್ಲಿ ನಿಂತು, ಮೆಟ್ಟಿನ ಮೇಲೆ ಕಾಲಿಟ್ಟು, ಬೆನ್ನು ಬಾಗಿಸದೆ ಬಲಗೈಯನ್ನು ಇಳಿಬಿಟ್ಟಾಗ ಬೆರಳು ಎಲ್ಲಿ ತಲುಪುತ್ತದೆಯೋ ಅಲ್ಲೇ ಹಿಡಿ ಬರಬೇಕು. ಅದು ಸಾಮಾನ್ಯವಾಗಿ ಸೀಟಿನ ಅಂಚಿನ ಕೆಳಗೆ, ಶಾಕ್ ಅಬ್ಸಾರ್ಬರಿನ ಮೇಲ್ತುದಿಯ ಸಮೀಪ ಬರುತ್ತದೆ. ಇನ್ನೂ ಹಿಂದಕ್ಕೆ ಇಟ್ಟರೆ ಸನ್ನೆಯ ಲಾಭ ಹೆಚ್ಚುತ್ತದೆ ಎಂಬುದು ನಿಜವಾದರೂ, ಕೈ ಚಾಚಿ ಮೈ ತಿರುಚಿದಾಗ ಸೊಂಟಕ್ಕೆ ಬೀಳುವ ಹೊರೆ ಆ ಲಾಭವನ್ನು ನುಂಗಿಬಿಡುತ್ತದೆ. ಗಾಡಿಯನ್ನು ಬಳಸುವವರೇ ನಿಂತು ಸೀಮೆಸುಣ್ಣದಲ್ಲಿ ಗುರುತು ಹಾಕಲಿ. ಮಾವನ ಎತ್ತರಕ್ಕೆ ಬಂದ ಗುರುತು ನನ್ನದಕ್ಕಿಂತ ಮೂರು ಬೆರಳು ಕೆಳಗಿತ್ತು.

ಎಡಬದಿಯಲ್ಲಿರುವ ಸೀರೆ ಗಾರ್ಡನ್ನು ಹಿಡಿದು ಎತ್ತುವ ಅಭ್ಯಾಸ ಬಹಳ ಜನರಲ್ಲಿದೆ. ಅದು ಬಟ್ಟೆ ಚಕ್ರಕ್ಕೆ ಸಿಲುಕದಂತೆ ತಡೆಯಲು ಇರುವ ಭಾಗವೇ ಹೊರತು ಭಾರ ಹೊರಲು ಅಲ್ಲ. ಬಗ್ಗಿದರೆ ಚಕ್ರಕ್ಕೇ ತಾಗಬಹುದು.

ಸರಳಿನ ದಪ್ಪ

ನಾನು ಮೊದಲು ಮಾಡಿಸಿದ ಹಿಡಿ 12 ಮಿ.ಮೀ. ಕಬ್ಬಿಣದ ಸರಳಿನದು, ಒಂದು ತುದಿ ಮಾತ್ರ ಗಾಡಿಗೆ ಬಿಗಿಯುವ ಲೋಹದ ಪಟ್ಟಿಗೆ ವೆಲ್ಡ್ ಆಗಿತ್ತು. ವಾರದೊಳಗೆ ಅದು ಮೇಲಕ್ಕೆ ಬಾಗಿತು. ಲೆಕ್ಕವನ್ನು ಆಮೇಲೆ ಮಾಡಿದೆ, ಮೊದಲೇ ಮಾಡಬೇಕಿತ್ತು. 30 ಕೆ.ಜಿ.ಯಷ್ಟು ಎಳೆತ, ಅಂದರೆ ಸುಮಾರು 300 ನ್ಯೂಟನ್, 12 ಸೆಂ.ಮೀ. ಹೊರಚಾಚಿದ ತುದಿಯಲ್ಲಿ ಬಿದ್ದರೆ ಬುಡದಲ್ಲಿ ಬಾಗಿಸುವ ಭ್ರಾಮಕ (ಬಲ × ದೂರ) 36 ನ್ಯೂಟನ್ ಮೀಟರ್. 12 ಮಿ.ಮೀ. ಸರಳಿನಲ್ಲಿ ಅದು ಉಂಟುಮಾಡುವ ಒತ್ತಡ ಸುಮಾರು 212 ಮೆಗಾಪಾಸ್ಕಲ್. ಸಾಮಾನ್ಯ ಮೆದು ಉಕ್ಕು 250ರ ಆಸುಪಾಸಿನಲ್ಲಿ ಶಾಶ್ವತವಾಗಿ ಬಾಗುತ್ತದೆ, ಜಗ್ಗಿ ಎಳೆದರೆ ಒತ್ತಡ ಸುಲಭವಾಗಿ ಅದನ್ನು ದಾಟುತ್ತದೆ. ಸರಳು 16 ಮಿ.ಮೀ. ಆದರೆ ಒತ್ತಡ ಸುಮಾರು 90ಕ್ಕೆ ಇಳಿಯುತ್ತದೆ, ಏಕೆಂದರೆ ಬಾಗದೆ ನಿಲ್ಲುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಹೆಚ್ಚುತ್ತದೆ. ಎರಡೂ ತುದಿಗಳನ್ನು ಪಟ್ಟಿಗೆ ಸೇರಿಸಿದ, ಬಕೆಟ್ಟಿನ ಹಿಡಿಯಂಥ ಆಕಾರ ಇನ್ನೂ ಗಟ್ಟಿ.

ಜೋಡಣೆ

ಹಳೆಯ ಚಾಸಿಸ್ಸಿನ ಕೊಳವೆ ಒಳಗೆ ಎಷ್ಟು ತುಕ್ಕು ತಿಂದಿದೆ ಎಂಬುದು ಹೊರಗಿನಿಂದ ಕಾಣದ ಕಾರಣ, ಅದಕ್ಕೆ ತೂತು ಕೊರೆಯುವುದಾಗಲಿ ನೇರವಾಗಿ ವೆಲ್ಡ್ ಮಾಡುವುದಾಗಲಿ ಬೇಡ. 5 ಮಿ.ಮೀ. ದಪ್ಪದ ಪಟ್ಟಿಯನ್ನು ಶಾಕ್ ಅಬ್ಸಾರ್ಬರಿನ ಮೇಲಿನ ಬೋಲ್ಟಿಗೆ, ಹೊರಬದಿಯಲ್ಲಿ, ನಟ್ಟಿಗೂ ಶಾಕ್ ಅಬ್ಸಾರ್ಬರಿಗೂ ನಡುವೆ ಬರುವಂತೆ ಕೂಡಿಸಬೇಕು. ಒಳಬದಿಗೆ ಹಾಕಿದರೆ ಶಾಕ್ ಅಬ್ಸಾರ್ಬರ್ ವಾಲಿ ಅದರ ರಬ್ಬರ್ ಬುಷ್ ಬೇಗ ಹಾಳಾಗುತ್ತದೆ. ಪಟ್ಟಿಯ ದಪ್ಪದಿಂದಾಗಿ ನಟ್ಟು ಪೂರ್ತಿ ಕೂರದಿದ್ದರೆ, ತಲೆಯ ಮೇಲೆ 8.8 ಎಂದು (ಅದು ಗಟ್ಟಿತನದ ದರ್ಜೆ) ಒತ್ತಿರುವ ಉದ್ದನೆಯ ಬೋಲ್ಟ್ ಹಾಕಿ, ನಟ್ಟಿನ ಹೊರಗೆ ಬೋಲ್ಟಿನ ಮರೆ (ಥ್ರೆಡ್) ಎರಡು ಸುತ್ತು ಕಾಣುವಂತಿರಲಿ. ಒಂದೇ ಬೋಲ್ಟಿನಲ್ಲಿ ನಿಂತ ಪಟ್ಟಿ ಎಳೆದಾಗ ತಿರುಗುತ್ತದೆ. ಅದರ ಇನ್ನೊಂದು ತುದಿಯನ್ನು ಚಾಸಿಸ್ಸಿನ ಕೊಳವೆಗೆ ರಬ್ಬರ್ ಸುತ್ತಿದ ಕ್ಲಾಂಪಿನಿಂದ ಬಿಗಿಯಬೇಕು.

ಕೂಡಿಸಿದ ಮೇಲೆ ಇಬ್ಬರು ಸೀಟಿನ ಮೇಲೆ ಕೂತು ಹಿಂಭಾಗವನ್ನು ಪೂರ್ತಿ ಅದುಮಿ, ಹಿಡಿಯಾಗಲಿ ಪಟ್ಟಿಯಾಗಲಿ ಚೈನ್ ಕವರಿಗೆ, ಸೈಲೆನ್ಸರಿಗೆ, ಹಿಂದೆ ಕೂರುವವರ ಕಾಲಿಗೆ ತಾಗುವುದಿಲ್ಲವೆಂದು ನೋಡಿಕೊಳ್ಳಿ. ಅನಂತರ ಗಾಡಿಯನ್ನು ನ್ಯೂಟ್ರಲ್‌ಗೆ ತಂದು, ಸ್ಟ್ಯಾಂಡಿನ ಎರಡೂ ಪಾದಗಳು ಒಟ್ಟಿಗೆ ನೆಲಕ್ಕೆ ತಾಗಿದ್ದನ್ನು ಕಾಲಿನಲ್ಲೇ ಗ್ರಹಿಸಿ, ಹತ್ತು ಬಾರಿ ಏರಿಸಿ ಇಳಿಸಿ, ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ. ಮಾವನ ಗಾಡಿಯಲ್ಲಿ ನಾಲ್ಕನೆಯ ಬಾರಿಗೇ ಕ್ಲಾಂಪ್ ಒಂದು ಎಳೆಯಷ್ಟು ಜಾರಿತ್ತು. ಅದರ ರಬ್ಬರನ್ನು ತೆಳುವಾಗಿಸಿ ಬಿಗಿದ ಮೇಲೆ ನಿಂತಿತು.