‘ಸಾರಿ ಹೇಳು’ ಅಂದ ಮೇಲೆ ಏನಾಗುತ್ತದೆ?

ಕೆಲವು ವರ್ಷಗಳ ಹಿಂದಿನ ಮಾತು. ಬೆಂಗಳೂರಿನ ಹೊರವಲಯದ ಸರ್ಕಾರಿ ಶಾಲೆಯಲ್ಲಿ ನಾನು ಐದನೇ ತರಗತಿಗೆ ಪಾಠ ಮಾಡುತ್ತಿದ್ದೆ. ದಸರಾ ರಜೆ ಮುಗಿದ ಮೇಲೆ ಒಬ್ಬ ಹುಡುಗ ಹೊಸದಾಗಿ ಸೇರಿದ. ಯಾದಗಿರಿ ಕಡೆಯವನು. ಅಪ್ಪ ಅಮ್ಮ ಇಬ್ಬರೂ ಕಟ್ಟಡದ ಕೆಲಸಕ್ಕೆ ಬಂದವರು. ಮೊದಲ ದಿನವೇ ಕೈ ಎತ್ತಿ, “ನೀರ್ ಕುಡದ್ ಬರ್ತೀನ್ರೀ ಟೀಚರ್” ಅಂದ. ಇಡೀ ತರಗತಿ ನಕ್ಕಿತು. ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಅವನಿಗೆ ‘ರೀ’ ಅಂತ ಹೆಸರು ಬಿದ್ದಿತ್ತು.

ನನಗೆ ಸಿಟ್ಟು ಬಂತು. ಚುಡಾಯಿಸಿದ ಇಬ್ಬರನ್ನು ಎಲ್ಲರ ಮುಂದೆ ನಿಲ್ಲಿಸಿ, “ಸಾರಿ ಹೇಳ್ರೋ” ಅಂದೆ. ಹೇಳಿದರು. ಹೊಸ ಹುಡುಗ ನೆಲ ನೋಡುತ್ತಾ ನಿಂತಿದ್ದ. ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಒಂದು ವಾರ ಕಳೆದರೂ ಅವನು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ನೀರಿಗೂ ಕೇಳುತ್ತಿರಲಿಲ್ಲ. ಅಡುಗೆಯವರೇ ನನ್ನನ್ನು ಕರೆದು, “ಆ ಹುಡುಗ ನಲ್ಲಿ ಹಿಂದೆ ಒಬ್ಬನೇ ಕೂತು ಊಟ ಮಾಡ್ತಾನೆ ಟೀಚರ್” ಅಂದರು. ಆಗ ನನ್ನ ತಪ್ಪು ನನಗೆ ಕಂಡಿತು. ಆ ‘ಸಾರಿ’ ಅವನಿಗೆ ಹೇಳಿದ್ದಲ್ಲ, ನನಗೆ ಹೇಳಿದ್ದು. ಜೊತೆಗೆ ಅವನನ್ನು ನಾನು ‘ಇವನಿಂದ ನಮಗೆ ಬೈಗುಳ ಬಿತ್ತು’ ಅನ್ನುವ ಹುಡುಗನನ್ನಾಗಿ ಮಾಡಿಬಿಟ್ಟಿದ್ದೆ.

ಈಗ ನಾನು ಮೊದಲು ನೊಂದ ಮಗುವಿನ ಹತ್ತಿರ ಕೂರುತ್ತೇನೆ. ಬೇರೆ ಯಾರೂ ಇಲ್ಲದಾಗ. ಏನಾದರೆ ನಿನಗೆ ಸಮಾಧಾನ ಅಂತ ಕೇಳುತ್ತೇನೆ. ಆಮೇಲೆ ನೋಯಿಸಿದ ಮಗುವಿನ ಜೊತೆ, ಅದೂ ಒಬ್ಬೊಬ್ಬರನ್ನೇ. “ಯಾಕೆ ಹೀಗೆ ಮಾಡಿದೆ?” ಅಂತ ಕೇಳುವುದನ್ನು ಬಿಟ್ಟಿದ್ದೇನೆ. ಹತ್ತು ವರ್ಷದ ಮಗು ಅದಕ್ಕೆ “ಸುಮ್ನೆ” ಅನ್ನುತ್ತದೆ. ಅದು ಸುಳ್ಳೂ ಅಲ್ಲ, ಮಗುವಿಗೆ ನಿಜಕ್ಕೂ ಗೊತ್ತಿರುವುದಿಲ್ಲ. ಅದರ ಬದಲು, “ನೀನು ಹಾಗಂದಾಗ ಅವನ ಮುಖ ಹೇಗಿತ್ತು?” ಅಂತ ಕೇಳುತ್ತೇನೆ. ಎಷ್ಟೋ ಸಲ ಮಕ್ಕಳು ಆ ಮುಖವನ್ನು ನೋಡಿಯೇ ಇರುವುದಿಲ್ಲ, ನಗುತ್ತಿದ್ದ ಗೆಳೆಯರನ್ನು ನೋಡಿರುತ್ತಾರೆ. ನೆನಪಿಸಿಕೊಳ್ಳಲು ಸಮಯ ಕೊಡಬೇಕು. ಕೊನೆಗೆ, “ಈಗ ಏನು ಮಾಡಿದರೆ ಸರಿಹೋಗುತ್ತೆ?” ಅಂತ ಕೇಳಿ ಸುಮ್ಮನಿರಬೇಕು. ಉತ್ತರವನ್ನು ನಾವೇ ಹೇಳಿಕೊಡಬಾರದು. ನನ್ನ ತಪ್ಪು ಗೊತ್ತಾದ ಮೇಲೆ ಆ ಇಬ್ಬರನ್ನೂ ಹೀಗೇ ಕೇಳಿದಾಗ, ಅವರಲ್ಲಿ ಒಬ್ಬ ತುಂಬಾ ಹೊತ್ತು ಯೋಚಿಸಿ, “ಮಿಸ್, ನಾಳೆಯಿಂದ ಅವನ ಹೆಸರು ಹಿಡಿದು ಕರೀತೀನಿ” ಅಂದ. ನನಗೆ ಹೊಳೆಯದ ಉತ್ತರ ಅದು.

ಆದರೆ ಮಾತೊಂದರಿಂದಲೇ ಸ್ನೇಹ ಬೆಳೆಯುವುದಿಲ್ಲ. ಮಕ್ಕಳಿಗೆ ಒಬ್ಬರಿಗೊಬ್ಬರು ನಿಜವಾಗಿ ಬೇಕಾಗಬೇಕು. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಕರಿಯ, ಬಿಳಿಯ ಮತ್ತು ಮೆಕ್ಸಿಕೋ ಮೂಲದ ಮಕ್ಕಳು ಒಂದೇ ತರಗತಿಗೆ ಬಂದಾಗ ಜಗಳ ಜೋರಾಗಿತ್ತು. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಅಲ್ಲಿ ಉಪದೇಶ ಮಾಡಿಸಲಿಲ್ಲ. ಪಾಠವನ್ನೇ ತುಂಡು ಮಾಡಿ, ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡುವ ವಿಧಾನ ರೂಪಿಸಿದರು. ಪೂರ್ತಿ ಪಾಠ ಗೊತ್ತಾಗಬೇಕಾದರೆ ಎಲ್ಲರ ಮಾತನ್ನೂ ಎಲ್ಲರೂ ಕೇಳಲೇಬೇಕು. ಇದಕ್ಕೆ ಜಿಗ್ಸಾ ವಿಧಾನ ಅನ್ನುತ್ತಾರೆ.

ನಾನು ಕರ್ನಾಟಕದ ನದಿಗಳ ಪಾಠಕ್ಕೆ ಅದನ್ನೇ ಮಾಡಿದೆ. ಐದು ಮಕ್ಕಳ ಒಂದು ಗುಂಪು. ಕಾವೇರಿ, ತುಂಗಭದ್ರಾ, ಶರಾವತಿ, ಕೃಷ್ಣಾ, ಭೀಮಾ. ಭೀಮಾ ನದಿ ಅವನ ಪಾಲಿಗೆ ಬರುವ ಹಾಗೆ ನೋಡಿಕೊಂಡೆ. ಪುಸ್ತಕದಲ್ಲಿದ್ದದ್ದು ಕೆಲವೇ ಸಾಲು. ಅವನು ಹೇಳಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ. ಬೇಸಿಗೆಯಲ್ಲಿ ಹೊಳೆಯಲ್ಲಿ ನಡೆದುಕೊಂಡೇ ಹೋಗಿದ್ದು, ಮಳೆಗಾಲದಲ್ಲಿ ನೀರು ಹೊಲಕ್ಕೆ ನುಗ್ಗಿದ್ದು, ಅವನ ಅಜ್ಜ ಬಲೆ ಹಾಕುತ್ತಿದ್ದದ್ದು. “ಮೊಸಳೆ ಇದೆಯೇನೋ ಅಲ್ಲಿ?” ಅಂತ ಕೇಳಿದವನು ಅವನನ್ನು ಮೊದಲು ‘ರೀ’ ಅಂದವನೇ. ಅವತ್ತು ಊಟಕ್ಕೆ ಅವರೆಲ್ಲ ಒಂದೇ ಸಾಲಿನಲ್ಲಿ ಕೂತರು.

ಇಂಥದ್ದು ನಮ್ಮಲ್ಲಿ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಲಿಯುತ್ತಾರೆ, ಸಹಪಾಠಿಗಳ ಬೆಂಬಲದಿಂದ ಕಲಿಯುವ ಗುಂಪೇ ಅದರಲ್ಲಿದೆ. ಒಂದನೇ ತರಗತಿಯ ಮಗುವಿನ ಬೆರಳು ಹಿಡಿದು ಮೂರನೇ ತರಗತಿಯ ಮಗು ಅಕ್ಷರ ತಿದ್ದಿಸುವುದನ್ನು ನಮ್ಮ ಶಿಕ್ಷಕರು ದಿನಾ ನೋಡುತ್ತಾರೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಅದೇ ಮಕ್ಕಳನ್ನು ಸಾಲಾಗಿ ಕೂರಿಸಿ, ರ‍್ಯಾಂಕ್ ಲೆಕ್ಕ ಹಾಕಲು ಶುರು ಮಾಡುತ್ತೇವೆ. ಇದು ನನಗೆ ತುಂಬಾ ಬೇಸರ ತರುವ ಸಂಗತಿ.

ಬಹುಮಾನದ ವಿಷಯವನ್ನೂ ಹೇಳಬೇಕು. ಸಹಾಯ ಮಾಡಿದ ಮಗುವಿಗೆ ಸ್ಟಾರ್, ತಿಂಗಳಿಗೊಬ್ಬರಿಗೆ ‘ಒಳ್ಳೆಯ ವಿದ್ಯಾರ್ಥಿ’ ಬ್ಯಾಡ್ಜ್. ನಾನೂ ಕೊಟ್ಟವಳೇ. ಆಮೇಲೆ ಒಂದು ಪ್ರಯೋಗದ ಬಗ್ಗೆ ಓದಿದೆ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ 2008ರಲ್ಲಿ ಪ್ರಕಟಿಸಿದ್ದು. 20 ತಿಂಗಳ ಮಕ್ಕಳು ಕೆಳಗೆ ಬಿದ್ದ ವಸ್ತುವನ್ನು ಎತ್ತಿಕೊಟ್ಟಾಗ ಕೆಲವರಿಗೆ ಆಟಕ್ಕೆ ಬೇಕಾದ ಒಂದು ವಸ್ತು ಕೊಟ್ಟರು, ಕೆಲವರಿಗೆ ಹೊಗಳಿಕೆ, ಇನ್ನು ಕೆಲವರಿಗೆ ಏನೂ ಇಲ್ಲ. ಕೊಡುವುದನ್ನು ನಿಲ್ಲಿಸಿದ ಮೇಲೆ, ವಸ್ತು ಪಡೆದ ಮಕ್ಕಳೇ ಉಳಿದವರಿಗಿಂತ ಕಡಿಮೆ ಸಹಾಯ ಮಾಡಿದರು. ಬ್ಯಾಡ್ಜ್ ನಿಲ್ಲಿಸಿದೆ. ಈಗ ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. “ನೀನು ಅವಳ ಬ್ಯಾಗ್ ಹಿಡ್ಕೊಂಡೆ, ಅವಳಿಗೆ ಆಟೋ ಹತ್ತೋದು ಸುಲಭ ಆಯ್ತು.” ಅಷ್ಟೇ.

ಶಿಕ್ಷಕ ಮಿತ್ರರಿಗೆ ಒಂದು ಕೆಲಸ ಹೇಳುತ್ತೇನೆ. ಸಿಸಿಇ, ಅಂದರೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ ದಾಖಲೆಯಲ್ಲಿ ಭಾಗ-ಬಿ ಇದೆಯಲ್ಲ, ಮನೋಭಾವ, ಮೌಲ್ಯ ಅಂತ ಗ್ರೇಡ್ ಹಾಕುವುದು? ಅದನ್ನು ಒಂದೇ ಸಂಜೆಯಲ್ಲಿ ತುಂಬಬೇಡಿ. ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ದಿನಕ್ಕೆ ಎರಡೇ ಸಾಲು, ಇವತ್ತು ಯಾರು ಯಾರಿಗೆ ಏನು ಮಾಡಿದರು ಅಂತ ಬರೆಯಿರಿ. ತಿಂಗಳ ಕೊನೆಗೆ ತಿರುವಿ ಹಾಕಿದರೆ ಕೆಲವು ಹೆಸರು ಒಂದು ಸಲವೂ ಬಂದಿರುವುದಿಲ್ಲ. ಆ ಮಕ್ಕಳು ಏನೂ ಮಾಡಲಿಲ್ಲ ಅಂತಲ್ಲ, ನಾವು ನೋಡಲಿಲ್ಲ ಅಂತ. ಮುಂದಿನ ತಿಂಗಳು ಅವರನ್ನೇ ಮೊದಲು ನೋಡಿ.

ಇನ್ನು ನಮ್ಮ ನಾಲಿಗೆ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಮಗುವನ್ನು ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸುತ್ತದೆ. ಬೆತ್ತ ಬಿಟ್ಟವರೂ “ನಿಮ್ಮಪ್ಪ ಇದನ್ನೇ ಕಲ್ಸಿದ್ದಾ?” ಅನ್ನುವುದನ್ನು ಬಿಟ್ಟಿಲ್ಲ. ಹೋಂವರ್ಕ್ ಮಾಡದ ಮಗುವಿನ ಜೊತೆ ನಾವು ಹೇಗೆ ಮಾತಾಡುತ್ತೇವೆ, ಅಡುಗೆಯವರನ್ನು ಏನಂತ ಕರೆಯುತ್ತೇವೆ, ಇದನ್ನೆಲ್ಲ ಮಕ್ಕಳು ಗಮನಿಸುತ್ತಲೇ ಇರುತ್ತಾರೆ. ಬೆಳಗಿನ ಪ್ರಾರ್ಥನೆಯಲ್ಲಿ ಓದಿಸಿದ ನೀತಿಮಾತಿಗಿಂತ ಅದೇ ಅವರ ಬಾಯಲ್ಲಿ ಮೊದಲು ಬರುತ್ತದೆ.

ಆ ಹುಡುಗ ಪೂರ್ತಿ ವರ್ಷ ನಮ್ಮಲ್ಲಿ ಇರಲಿಲ್ಲ. ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಕಟ್ಟಡದ ಕೆಲಸ ಮುಗಿಯಿತು, ಅವರು ಊರಿಗೆ ಹೊರಟರು. ಮರುದಿನ ಅವನ ಗೆಳೆಯ ಗೋಡೆಯ ಮೇಲಿನ ಕರ್ನಾಟಕದ ನಕ್ಷೆಯ ಮುಂದೆ ನಿಂತಿದ್ದ. ಏನು ನೋಡ್ತಿದ್ದೀಯ ಅಂದೆ. ಭೀಮಾ ನದಿಯ ಗೆರೆಯ ಮೇಲೆ ಬೆರಳಿಟ್ಟು, “ಮಿಸ್, ಇದ್ರಲ್ಲಿ ಅವನ ಮನೆ ಎಲ್ಲಿ ಬರುತ್ತೆ?” ಅಂತ ಕೇಳಿದ.