ಎದುರಾಳಿಯ ಗಾಳಿ ಕದಿಯುವುದು ಮೋಸ ಅಲ್ವಾ?

ಓದುಗರ ಪ್ರಶ್ನೆ: ಒಲಿಂಪಿಕ್ಸ್ ಹಾಯಿದೋಣಿ ಸ್ಪರ್ಧೆಯಲ್ಲಿ ಕೊನೆಯ ರೇಸಿನಲ್ಲಿ ಹಿಂದೆ ಉಳಿದವರಿಗೂ ಚಿನ್ನ ಸಿಗುತ್ತದಲ್ಲ, ಹೇಗೆ? ಮುಂದೆ ಹೋಗೋದು ಬಿಟ್ಟು ಇನ್ನೊಬ್ಬರಿಗೆ ಅಡ್ಡ ಹಾಕುವುದು ಮೋಸ ಅಲ್ವಾ?

ಮೊದಲು ಲೆಕ್ಕ ನೋಡೋಣ. ಇಲ್ಲಿ ಹಲವು ದಿನ, ಹಲವು ರೇಸು. ಮೊದಲು ಬಂದರೆ 1 ಅಂಕ, ಇಪ್ಪತ್ತನೆಯವರಾದರೆ 20. ಕೂಡಿದಾಗ ಯಾರದು ಕಡಿಮೆಯೋ ಅವರು ಗೆದ್ದರು. ತೀರಾ ಕೆಟ್ಟ ರೇಸನ್ನು ಲೆಕ್ಕದಿಂದ ಬಿಡುತ್ತಾರೆ. ಹಾಗಾಗಿ ಕೊನೆಯ ದಿನ ಎಲ್ಲರಿಗಿಂತ ಮುಂದೆ ಹೋಗಲೇಬೇಕು ಅಂತಿಲ್ಲ. ಅಂಕಪಟ್ಟಿಯಲ್ಲಿ ಪಕ್ಕದಲ್ಲಿ ಇರುವವರನ್ನು ಹಿಂದೆ ಹಾಕಿದರೆ ಸಾಕು.

ಈ ಪಾಠವನ್ನು ಬ್ರಿಟನ್ನಿನ ಬೆನ್ ಏನ್‌ಸ್ಲಿ ಕಲಿತದ್ದು ಸೋತು. 1996ರ ಒಲಿಂಪಿಕ್ಸ್, ಒಬ್ಬರೇ ನಡೆಸುವ ಸಣ್ಣ ಲೇಸರ್ ದೋಣಿ, ವಯಸ್ಸು 19. ಕೊನೆಯ ರೇಸಿನಲ್ಲಿ ಅಂಕಗಳಲ್ಲಿ ಮುಂದಿದ್ದ ಬ್ರೆಜಿಲಿನ ರಾಬರ್ಟ್ ಶೈಟ್ ಸೂಚನೆ ಸಿಗುವ ಮೊದಲೇ ಆರಂಭದ ಗೆರೆ ದಾಟಿದರು. ಏನ್‌ಸ್ಲಿಯೂ ಹಿಂದೆಯೇ ನುಗ್ಗಿದರು. ಇಬ್ಬರೂ ಅನರ್ಹ! ಚಿನ್ನ ಶೈಟ್‌ಗೆ.

2000ರಲ್ಲಿ ಸಿಡ್ನಿಯಲ್ಲಿ ಮತ್ತೆ ಅದೇ ಜೋಡಿ. ಈ ಸಲ ಏನ್‌ಸ್ಲಿ ರೇಸ್ ಗೆಲ್ಲುವ ಗೋಜಿಗೇ ಹೋಗಲಿಲ್ಲ. ಶೈಟ್‌ಗೆ ಗಾಳಿ ಬರುವ ಕಡೆಗೇ ನಿಂತು ಅವರ ಬೆನ್ನು ಹತ್ತಿದರು. ಹಾಯಿಯನ್ನು ದಾಟಿ ಬಂದ ಗಾಳಿ ಕಲಕಿಹೋಗಿರುತ್ತದೆ, ಅದರ ಬಲ ಕುಗ್ಗಿರುತ್ತದೆ. ಆ ಗಾಳಿಯಲ್ಲಿ ಸಿಕ್ಕ ದೋಣಿ ತೆವಳುತ್ತದೆ. ಗಾಳಿಗೆ ಎದುರಾಗಿ ನೆಟ್ಟಗೆ ಹೋಗಲಾಗದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಂಕುಡೊಂಕಾಗಿ ಹೋಗಬೇಕು. ಎದುರಾಳಿ ತಿರುಗಿದಾಗಲೆಲ್ಲ ನೀವೂ ತಿರುಗಿದರೆ ಅವನಿಗೆ ಒಳ್ಳೆ ಗಾಳಿಯೇ ಸಿಗದು. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಇದು ಪಕ್ಕದವನ ಕಣಕ್ಕೆ ಗಾಳಿಯೇ ಬಾರದಂತೆ ಗೋಡೆ ಕಟ್ಟಿದ ಹಾಗೆ. ಇಬ್ಬರ ತಿಕ್ಕಾಟ ದಡದ ಮೇಲಿನ ವಿಚಾರಣೆಗೂ ಹೋಯಿತು. ಶೈಟ್ ಆ ರೇಸಿನಿಂದ ಅನರ್ಹರಾದರು, ಚಿನ್ನ ಏನ್‌ಸ್ಲಿಗೆ.

ಮೋಸವಾ? ನಿಯಮದ ಪ್ರಕಾರ ಅಲ್ಲ. ದಾರಿ ಬಿಡಬೇಕಾದ ಕಡೆ ಬಿಡಬೇಕು, ತಾಗಿಸಬಾರದು. ಸ್ವಂತ ಅಂಕಪಟ್ಟಿಗೆ ಲಾಭವಾಗುವುದಾದರೆ ಒಬ್ಬರನ್ನೇ ಹಿಡಿದು ತಡೆಯಬಹುದು. ಸುಮ್ನೆ ಗೆಳೆಯನಿಗೆ ಸಹಾಯ ಮಾಡಲು ಮೂರನೆಯವರನ್ನು ತಡೆದರೆ ಅದು ತಪ್ಪು. ನೋಡೋಕೆ ಚೆಂದವಿಲ್ಲ, ಒಪ್ತೀನಿ. ಆದರೆ ಇಡೀ ರೇಸು ಒಬ್ಬನ ನೆತ್ತಿಯ ಮೇಲೇ ಕೂತು ನಿಯಮ ಮುರಿಯದಿರುವುದು, ರೇಸು ಗೆಲ್ಲುವುದಕ್ಕಿಂತ ಜಾಸ್ತಿ ಕಷ್ಟ ಅಂತ ನನಗನ್ನಿಸುತ್ತದೆ.

ಆಮೇಲೆ ಏನ್‌ಸ್ಲಿ 15 ಕೆಜಿಗೂ ಜಾಸ್ತಿ ಮೈ ತೂಕ ಏರಿಸಿಕೊಂಡು, ಭಾರದವರಿಗೇ ಒಗ್ಗುವ ಫಿನ್ ದೋಣಿ ಹತ್ತಿದರು. 2004, 2008, ಎರಡರಲ್ಲೂ ಚಿನ್ನ. 2008ರಿಂದ ಕೊನೆಯ ರೇಸಿಗೆ ಮೊದಲ ಹತ್ತು ದೋಣಿಗಳು ಮಾತ್ರ, ಅಂಕ ದುಪ್ಪಟ್ಟು, ಲೆಕ್ಕದಿಂದ ಬಿಡುವಂತಿಲ್ಲ.

2012ರಲ್ಲಿ ಬ್ರಿಟನ್ನಿನ ವೇಮತ್‌ನಲ್ಲಿ ಕೊನೆಯ ರೇಸಿಗೆ ಮುಂಚೆ ಡೆನ್ಮಾರ್ಕಿನ ಯೊನಾಸ್ ಹೋಗ್-ಕ್ರಿಸ್ಟೆನ್ಸನ್ ಏನ್‌ಸ್ಲಿಗಿಂತ 2 ಅಂಕ ಮುಂದಿದ್ದರು. ಇವರಿಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ಹಿಂದೆ ಉಳಿದಾಗ ನೆದರ್ಲೆಂಡ್ಸಿನ ಪೀಟರ್-ಯಾನ್ ಪೋಸ್ತ್‌ಮಾ ಚಿನ್ನ ಎತ್ತಿಕೊಂಡು ಹೋಗುವುದರಲ್ಲಿದ್ದರು. ಇನ್ನೊಂದು ದೋಣಿಗೆ ತಾಗಿಸಿ ದಂಡದ ಸುತ್ತು ಹೊಡೆಯಬೇಕಾಗಿ ಬಂದು ಅವರ ಆಸೆ ಮುಗಿಯಿತು. ಏನ್‌ಸ್ಲಿ 9ನೆಯವರು, 18 ಅಂಕ. ಹೋಗ್-ಕ್ರಿಸ್ಟೆನ್ಸನ್ 10ನೆಯವರು, 20. ಒಟ್ಟು ಅಂಕ ಸಮ. ಸಮವಾದರೆ ಕೊನೆಯ ರೇಸಿನಲ್ಲಿ ಮುಂದಿದ್ದವರಿಗೆ ಚಿನ್ನ. ಏನ್‌ಸ್ಲಿಯ ಹಿಂದೆ ಇದ್ದದ್ದು ಆ ಒಂದೇ ದೋಣಿ.