ಸಾಸಿವೆ ಗಾತ್ರದ ಹಲ್ಲು

ಡೈನೋಸಾರ್ ಮೂಳೆ ತೆಗೆಯಲು ಸುತ್ತಿಗೆ, ಉಳಿ ಬೇಕು. ಅದರ ಕಾಲಡಿಯಲ್ಲಿ ಓಡಾಡುತ್ತಿದ್ದ ಇಲಿಯಂಥ ಪ್ರಾಣಿಯನ್ನು ಹುಡುಕಲು ಬೇಕಾದದ್ದು ಜರಡಿ. ಜೊತೆಗೆ ಸಿಕ್ಕಾಪಟ್ಟೆ ತಾಳ್ಮೆ.

ತೆಲಂಗಾಣದ ವಿಕಾರಾಬಾದ್ ಕಡೆ ನಾಸ್ಕಲ್ ಅಂತ ಒಂದು ಊರು. ಪಳೆಯುಳಿಕೆ ತಜ್ಞ ಜಿ.ವಿ.ಆರ್. ಪ್ರಸಾದ್, ಹಿರಿಯ ವಿಜ್ಞಾನಿ ಅಶೋಕ್ ಸಾಹ್ನಿ ಜೊತೆ ಸೇರಿ ಅಲ್ಲಿನ ಮಣ್ಣನ್ನು ಜಾಲಾಡಿದರು. ಸಿಕ್ಕಿದ್ದು ಒಂದೆರಡು ಮಿಲಿಮೀಟರಿನ ಹಲ್ಲುಗಳು. 1988ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದರ ವರದಿ ಬಂತು. ಡೈನೋಸಾರ್‌ಗಳ ಕೊನೆಯ ಯುಗವಾದ ಕ್ರಿಟೇಶಿಯಸ್ ಕಾಲದ ಸಸ್ತನಿ ಭಾರತದಲ್ಲಿ ಸಿಕ್ಕಿದ್ದು ಅದೇ ಮೊದಲು. ಹೆಸರು ಡೆಕ್ಕನೊಲೆಸ್ಟಿಸ್. ‘ಲೆಸ್ಟಿಸ್’ ಅಂದರೆ ಗ್ರೀಕ್‌ನಲ್ಲಿ ಕಳ್ಳ, ದರೋಡೆಕೋರ. ದಖ್ಖನಿನ ಕಳ್ಳ! ಸಾಸಿವೆ ಕಾಳಿನಷ್ಟು ಹಲ್ಲಿನ ಪಾಪದ ಪ್ರಾಣಿಗೆ ಎಂಥ ಬಿರುದು ನೋಡಿ.

ನಾಸ್ಕಲ್‌ನ ಆ ಮಣ್ಣು ಕೂತಿರುವ ಜಾಗವೇ ವಿಶೇಷ. ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್‌ನಲ್ಲಿ ನೆಲ ಬಿರಿದು ಲಾವಾ ಹರಿಯುತ್ತಿತ್ತು. ಒಂದೇ ಸಲ ಅಲ್ಲ, ಬಿಟ್ಟು ಬಿಟ್ಟು. ನಡುವಿನ ಬಿಡುವಿನಲ್ಲಿ ಕೆರೆ ತುಂಬಿತು, ಮೀನು, ಕಪ್ಪೆ, ಮೊಸಳೆ ಬಂದವು, ಕೆಸರು ಕೂತಿತು. ಆಮೇಲೆ ಇನ್ನೊಂದು ಲಾವಾ ಬಂದು ಎಲ್ಲವನ್ನೂ ಮುಚ್ಚಿತು. ಮೇಲೂ ಕೆಳಗೂ ಕಣಕ, ಮಧ್ಯೆ ಹೂರಣ. ಸಣ್ಣ ಸಸ್ತನಿಗಳನ್ನು ಹುಡುಕುವವರು ಹೋಗುವುದು ಈ ಹೂರಣಕ್ಕೆ.

ಕೆಲಸ ಹೀಗೆ. ಮಣ್ಣನ್ನು ಮೂಟೆಗಟ್ಟಲೆ ತಂದು ಬಿಸಿಲಿಗೆ ಒಣಗಿಸುತ್ತಾರೆ. ನೀರಲ್ಲಿ ನೆನೆಹಾಕುತ್ತಾರೆ. ಹೆಂಟೆ ಒಡೆಯದಿದ್ದರೆ ಮೊದಲು ಸೀಮೆಎಣ್ಣೆ ಕುಡಿಸಿ ಆಮೇಲೆ ನೀರಿಗೆ ಹಾಕುವುದೂ ಉಂಟು. ಅರ್ಧ ಮಿಲಿಮೀಟರಿನಷ್ಟು ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದಾಗ ಜೇಡಿ ಹರಿದುಹೋಗಿ ಒಂದಿಷ್ಟು ಗಸಿ ಉಳಿಯುತ್ತದೆ. ಅದನ್ನು ಒಣಗಿಸಿ, ತಟ್ಟೆಯಲ್ಲಿ ಹರಡಿ, ಸೂಕ್ಷ್ಮದರ್ಶಕದ ಕೆಳಗೆ ಒದ್ದೆ ಕುಂಚದ ತುದಿಯಲ್ಲಿ ಒಂದೊಂದೇ ಚೂರು ಆರಿಸಬೇಕು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೇ, ಆದರೆ ಇಲ್ಲಿ ಮುಕ್ಕಾಲು ಪಾಲು ಕಲ್ಲೇ! ಮೀನಿನ ಹಲ್ಲು, ಕಪ್ಪೆಯ ಮೂಳೆ ಜಾಸ್ತಿ ಸಿಗುತ್ತವೆ. ಸಸ್ತನಿಯ ಹಲ್ಲು ಅಪರೂಪ.

ಯಾಕೆ ಹಲ್ಲೇ? ದೇಹದಲ್ಲಿ ಹಲ್ಲಿನ ಎನಾಮಲ್‌ನಷ್ಟು ಗಟ್ಟಿ ಬೇರೇನೂ ಇಲ್ಲ. ಮೂಳೆ ಪುಡಿಯಾದರೂ ಅದು ಉಳಿಯುತ್ತದೆ. ಸಾಲದ್ದಕ್ಕೆ ಸಸ್ತನಿಯ ದವಡೆ ಹಲ್ಲು ಪ್ರತಿಯೊಂದು ಗುಂಪಿನಲ್ಲೂ ಬೇರೆ ಬೇರೆ. ಡೆಕ್ಕನೊಲೆಸ್ಟಿಸ್‌ನ ಕೆಳಹಲ್ಲನ್ನು ದೊಡ್ಡದು ಮಾಡಿ ನೋಡಿದರೆ ಮುಂದೆ ಮೂರು ಚೂಪು ಮೊನೆ, ಹಿಂದೆ ಒಂದು ಗುಳಿ. ಬಾಯಿ ಮುಚ್ಚಿದಾಗ ಮೇಲಿನ ಹಲ್ಲಿನ ಒಂದು ಮೊನೆ ಸರಿಯಾಗಿ ಆ ಗುಳಿಗೆ ಇಳಿಯುತ್ತದೆ. ಮುಂದೆ ಕತ್ತರಿ, ಹಿಂದೆ ಒರಳು–ಒನಕೆ. ಹುಳುಹುಪ್ಪಟೆ ತಿನ್ನಲು ಹೇಳಿ ಮಾಡಿಸಿದ ಸಲಕರಣೆ. ಮುಂದೆ ಪಾದದ ಮೂಳೆಗಳೂ ಸಿಕ್ಕವು. 1994ರಲ್ಲಿ ಅವನ್ನು ನೋಡಿದವರು ಇದು ಮರ ಹತ್ತುತ್ತಿದ್ದ ಪ್ರಾಣಿ ಅಂದರು.

ತಲೆಕೆಡಿಸುವ ವಿಷಯ ಇದರ ನೆಂಟಸ್ತನ. ಭಾರತ ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್‌ನಿಂದ ಬೇರೆಯಾಗಿ ಉತ್ತರಕ್ಕೆ ಹೊರಟಿತ್ತು, ಏಷ್ಯಾಗೆ ಇನ್ನೂ ಡಿಕ್ಕಿ ಹೊಡೆದಿರಲಿಲ್ಲ. ಸುತ್ತ ಸಮುದ್ರ. ಹಾಗಿದ್ದೂ ಡೆಕ್ಕನೊಲೆಸ್ಟಿಸ್‌ನ ಹಲ್ಲು ಉತ್ತರದ ಖಂಡಗಳ ಸಸ್ತನಿಗಳನ್ನು ಹೋಲುತ್ತದೆ. ಸಮುದ್ರ ದಾಟಿದ್ದು ಹೇಗೆ? ನಡುವೆ ದ್ವೀಪಗಳ ಸಾಲು ಇತ್ತೇ, ಅಥವಾ ಯಾವುದೋ ಮರದ ದಿಮ್ಮಿಯ ಮೇಲೆ ತೇಲಿ ಬಂತೇ? ಜಗಳ ಇನ್ನೂ ಮುಗಿದಿಲ್ಲ.

ಅದೇ ನೆಲದಲ್ಲಿ ದಕ್ಷಿಣದ ನೆಂಟರೂ ಇದ್ದರು. ಇಲ್ಲಿ ನಮ್ಮ ಗೋಕಾಕ ಬರುತ್ತದೆ. ಗೋಕಾಕ ಅಂದರೆ ನಮಗೆ ಕರದಂಟು ಮತ್ತು ಫಾಲ್ಸ್, ಅಲ್ವಾ? ಅಲ್ಲಿಯ ಲಾವಾ ನಡುವಿನ ಮಣ್ಣಿನಲ್ಲೂ ಹಲ್ಲು ಸಿಕ್ಕಿವೆ. ಇವು ಉದ್ದನೆಯ ಹಲ್ಲುಗಳು, ಪಕ್ಕದಲ್ಲಿ ಗಾಡಿ ಜಾಡಿನಂಥ ಆಳವಾದ ಗೀರು. ನೋಡಲು ಇಲಿ–ಹೆಗ್ಗಣದ ಹಲ್ಲಿನ ಥರ, ಆದರೆ ಆ ಗುಂಪಿಗೂ ಇದಕ್ಕೂ ಸಂಬಂಧ ಇಲ್ಲ. ಇದರ ಬಳಗ ಮಡಗಾಸ್ಕರ್ ಮತ್ತು ಅರ್ಜೆಂಟೀನಾದಲ್ಲಿತ್ತು. 2007ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ನಾಮಕರಣ ಮಾಡಿದವು. ಪ್ರಸಾದ್ ಅವರ ತಂಡ ಭಾರತ್‌ಥೀರಿಯಂ ಅಂತು, ಗೋಕಾಕದ ಹಲ್ಲು ಹಿಡಿದವರು ದಕ್ಷಿಣ ಅಂದರು. ಮೊದಲು ಅಚ್ಚಾದ ಹೆಸರೇ ನಿಲ್ಲಬೇಕೆಂಬುದು ನಿಯಮ, ಹಾಗಾಗಿ ಭಾರತ್‌ಥೀರಿಯಂ ಉಳಿಯಿತು. ನನಗೆ ಮಾತ್ರ ‘ದಕ್ಷಿಣ’ವೇ ಇಷ್ಟ.

ಇದೇ ಬಳಗದ ಅಡಲಾಥೀರಿಯಂ ಎಂಬ ಪ್ರಾಣಿಯ ಇಡೀ ಅಸ್ಥಿಪಂಜರವನ್ನು 2020ರಲ್ಲಿ ಮಡಗಾಸ್ಕರ್‌ನಿಂದ ವರದಿ ಮಾಡಿದರು. ತೂಕ ಸುಮಾರು 3 ಕಿಲೊ, ಒಂದು ಬೆಕ್ಕಿನಷ್ಟು. ನಮ್ಮ ಕಡೆಯದಕ್ಕೆ ಮೈಕೈ ಇಲ್ಲ, ಬಿಡಿ ಹಲ್ಲುಗಳಷ್ಟೇ. ಅವನ್ನೆಲ್ಲ ಒಟ್ಟು ಮಾಡಿದರೂ ಒಂದು ಬೊಗಸೆ ತುಂಬುವುದಿಲ್ಲ.